ಖಾತೆ ಅವರದು, ಸಹಿಯೂ ಅವರದೇ ಆಗಲಿ

ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿ, ಗ್ರಾಹಕರ ಗುರುತು ದೃಢೀಕರಿಸುವ ಕೆವೈಸಿ ಪ್ರಕ್ರಿಯೆಯನ್ನು ಅಂಗವಿಕಲರಿಗೆ ಸುಗಮಗೊಳಿಸಲು ಸೂಚಿಸಿತು. ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿ ಸಮಸ್ಯೆಯುಳ್ಳವರ ಅರ್ಜಿಗಳ ಮೇಲೆ ಬಂದ ತೀರ್ಪಿದು. ಇದರ ಆಶಯ ಆಟಿಸಂ ಇರುವ ಯುವಜನರಿಗೂ ತಲುಪಬೇಕು. ಮೊದಲ ಸಂಬಳಕ್ಕೆ ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದ ಇಂಥವರನ್ನು ಬಿಟ್ಟು ಪಕ್ಕದಲ್ಲಿ ನಿಂತ ಅಪ್ಪ-ಅಮ್ಮನನ್ನು ಪ್ರಶ್ನಿಸುವುದು, ಉತ್ತರ ತಡವಾದರೆ ಪಾಲಕತ್ವ ಪ್ರಮಾಣಪತ್ರ ಕೇಳುವುದು ಸಿಬ್ಬಂದಿಗೆ ಸುಲಭ. ಆದರೆ ವ್ಯವಹಾರ ಪೋಷಕರ ಕೈ ಸೇರಿದರೆ ಹಣ ನಿಭಾಯಿಸಲು ಕಲಿಯುವ ಅವಕಾಶವೇ ತಪ್ಪುತ್ತದೆ.

ಹಣಕಾಸನ್ನು ತಾವೇ ನಿರ್ವಹಿಸುವ ಸಮಾನ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಕೊಟ್ಟಿದೆ. ಆಟಿಸಂ ಎಂಬ ಒಂದೇ ಕಾರಣಕ್ಕೆ ಬ್ಯಾಂಕುಗಳು ಪಾಲಕರ ಸಹಿ ಕೇಳಕೂಡದು. ಸರಳ ಕನ್ನಡದ ಅರ್ಜಿ, ಕಡಿಮೆ ಮಿತಿಯ ಎಟಿಎಂ ಕಾರ್ಡ್, ಕೌಂಟರ್‌ನಲ್ಲಿ ಐದು ನಿಮಿಷದ ತಾಳ್ಮೆ: ಇವಕ್ಕೆ ಹೊಸ ಕಾನೂನೇನೂ ಬೇಕಿಲ್ಲ.