ಡಬ್ಬಿ ಮೇಲಿನ ಸಾವಿರ ವ್ಯಾಟ್

ಮಕ್ಕಳೇ, ಮನೆಯ ಕಂಪ್ಯೂಟರಿಗೆ ಸ್ಪೀಕರ್ ಅಥವಾ ಹೆಡ್‌ಫೋನ್ ತರಬೇಕಾದರೆ ಅಜ್ಜ-ಅಜ್ಜಿಯನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಬರೀ ಹಣ ಕೊಡಲಿಕ್ಕಲ್ಲ, ಅವರ ಕಿವಿಯೂ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಡಬ್ಬಿಯ ಮೇಲಿನ ಅಂಕಿ ನೋಡೋಣ. ಸುರಪುರದ ಪೇಟೆಯಲ್ಲಿ ನನ್ನ ಮೊಮ್ಮಗ ಒಂದು ಪುಟ್ಟ ಜೋಡಿ ಸ್ಪೀಕರ್ ಎತ್ತಿ ಹಿಡಿದು, “ಮುತ್ಯಾ, ಸಾವಿರ ವ್ಯಾಟ್ ಅಂತ ಬರದಾರ ನೋಡು!” ಎಂದ. “ಅದರ ವೈರ್ ಎಲ್ಲಿಗೆ ಹಚ್ಚತಾರ, ಅದನ್ನ ಮೊದಲ ನೋಡು” ಎಂದೆ. ಅದಕ್ಕಿದ್ದದ್ದು ಕಂಪ್ಯೂಟರಿನ ಯುಎಸ್‌ಬಿ ವೈರ್ ಮಾತ್ರ. ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ 2.5 ವ್ಯಾಟ್. ಎರಡೂವರೆ ರೂಪಾಯಿ ಜಮಾ ಮಾಡಿ ಸಾವಿರ ರೂಪಾಯಿ ತೆಗೆಯುವ ಖಾತೆಯನ್ನು ನಾನು ಕೌಂಟರಿನಲ್ಲಿ ಕುಳಿತ ಇಷ್ಟು ವರ್ಷಗಳಲ್ಲಿ ನೋಡಿಲ್ಲ.

ಅಂಥ ದೊಡ್ಡ ಅಂಕಿಯ ಪಕ್ಕದಲ್ಲಿ ‘ಪಿ.ಎಂ.ಪಿ.ಓ.’ ಎಂದು ಇರುತ್ತದೆ. ಅದು ಕ್ಷಣಮಾತ್ರದ ಲೆಕ್ಕ, ನಂಬಬೇಡಿ. ‘ಆರ್.ಎಂ.ಎಸ್.’ ಎಂದು ಬರೆದದ್ದೇ ಸತತವಾಗಿ ಸಿಗುವ ಶಕ್ತಿ. ಮೇಜಿನ ಮುಂದೆ ಕುಳಿತು ಪಾಠ, ಹಾಡು ಕೇಳಲು ಎರಡು-ಮೂರು ವ್ಯಾಟ್ ಧಾರಾಳವಾಯಿತು.

ಇನ್ನು ಕೇಳಿ ನೋಡುವ ಪರೀಕ್ಷೆ. ಅಂಗಡಿಯವರು ಯಾವಾಗಲೂ ‘ಧಮ್ ಧಮ್’ ಎನ್ನುವ ಹಾಡನ್ನೇ ಹಾಕುತ್ತಾರೆ. ನೀವು ಬೇರೆ ಮಾಡಿ. ಮನೆಯಲ್ಲೇ ಫೋನಿನಲ್ಲಿ ನಿಮ್ಮ ದನಿ ಮುದ್ರಿಸಿಕೊಂಡು ಹೋಗಿ: ಸಾಲು, ಶಾಲು, ಹಾಲು, ತಟ್ಟೆ, ಕಟ್ಟೆ, ಪಟ್ಟೆ. ಹಿಂದೆ-ಮುಂದೆ ಮಾಡಿ ಹತ್ತು ಮಾತು ಓದಿ. ಅಂಗಡಿಯಲ್ಲಿ ದನಿ ಸಣ್ಣಗಿಟ್ಟು ಅದನ್ನು ಹಾಕಿಸಿ. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳಿದ್ದನ್ನು ಹೇಳಲಿ. ಯಾವ ಸ್ಪೀಕರಿಗೆ ಹೆಚ್ಚು ಅಂಕ ಬಂತೋ ಅದೇ ನಿಮ್ಮದು.

ಸ, ಶ ಅಕ್ಷರಗಳ ಬೇಧ ಇರುವುದು ತೀಕ್ಷ್ಣವಾದ ಮೇಲು ದನಿಯಲ್ಲಿ. ವಯಸ್ಸಾದಂತೆ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಆದ್ದರಿಂದ ಅಜ್ಜನಿಗೆ ಸ್ಪಷ್ಟವಾದದ್ದು ಎಲ್ಲರಿಗೂ ಸ್ಪಷ್ಟ. ಹಿರಿಯರಿಗೊಂದು ಮಾತು: ಯಾವ ಸ್ಪೀಕರಿನಲ್ಲೂ ಮಾತು ತಿಳಿಯದಿದ್ದರೆ ಇನ್ನೂ ದೊಡ್ಡ ಸ್ಪೀಕರ್ ಹುಡುಕಬೇಡಿ, ಕಿವಿಯ ವೈದ್ಯರಲ್ಲಿಗೆ ಹೋಗಿ.

ತಂದ ಮೇಲೆ ಎರಡೂ ಸ್ಪೀಕರನ್ನು ಮೂಲೆಗೆ ಒತ್ತದೆ, ಕೇಳುವವರಿಂದ ಸಮ ದೂರದಲ್ಲಿ, ಮುಖ ನಿಮ್ಮ ಕಡೆಗಿರುವಂತೆ ಇಡಿ. ಮೇಜು ಗುಂಯ್‌ಗುಟ್ಟಿದರೆ ಕೆಳಗೆ ಮಡಿಚಿದ ಬಟ್ಟೆ ಹಾಕಿ. ಇದಕ್ಕೆ ದುಡ್ಡು ಬೀಳುವುದಿಲ್ಲ.

ಹೆಡ್‌ಫೋನ್ ಆದರೆ ಮೊದಲು ಪಿನ್ ನೋಡಿ. ಅನೇಕ ಹಳೆಯ ಕಂಪ್ಯೂಟರುಗಳಲ್ಲಿ ಹಸಿರು ತೂತು ಕೇಳಲು, ಗುಲಾಬಿ ತೂತು ಮೈಕಿಗೆ. ಫೋನಿನ ಒಂಟಿ ಪಿನ್ ತಂದರೆ ಮೈಕ್ ಕೆಲಸ ಮಾಡದೆ ಹೋಗಬಹುದು. ಕಿವಿಯೊಳಗೆ ತುರುಕುವುದಕ್ಕಿಂತ ಕಿವಿ ಮುಚ್ಚುವಂಥದ್ದು ಒಳ್ಳೆಯದು. ನಮ್ಮ ರಂಗಂಪೇಟೆಯ ಬೇಸಿಗೆಯಲ್ಲಿ ಫ್ಯಾನು, ಕೂಲರಿನ ಗದ್ದಲ ಮೀರಲೆಂದೇ ಮಕ್ಕಳು ದನಿ ಏರಿಸುತ್ತಾರೆ. ಗದ್ದಲ ಹೊರಗುಳಿದರೆ ಸಣ್ಣ ದನಿಯೇ ಸಾಕು. ಬೆವರಿದರೆ ತೆಗೆದು ಒರೆಸಿ, ಕಿವಿಗೂ ವಿಶ್ರಾಂತಿ ಕೊಡಿ.

ಈ ವಿಶ್ರಾಂತಿ ಯಾಕೆ? ನಮ್ಮ ಒಳಕಿವಿಯಲ್ಲಿ ದನಿಯನ್ನು ಹಿಡಿಯುವ ಸುಮಾರು 15,000 ಸೂಕ್ಷ್ಮ ಕೂದಲುಕೋಶಗಳಿವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಇದು ಹುಟ್ಟುವಾಗಲೇ ಸಿಕ್ಕ ಠೇವಣಿ. ತೆಗೆಯಬಹುದು, ತುಂಬಲು ಬರುವುದಿಲ್ಲ. ಮಕ್ಕಳು 75 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡವರಿಗೆ 80. ದನಿ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ: 78ಕ್ಕೆ 20 ಗಂಟೆ, 81ಕ್ಕೆ 10. ಫೋನಿನಲ್ಲಿ ದನಿಯ ಗೆರೆ ನೂರರಲ್ಲಿ 60 ದಾಟದಿದ್ದರೆ ಒಳ್ಳೆಯದು. ಪಕ್ಕದಲ್ಲಿ ಕುಳಿತವರಿಗೂ ನಿಮ್ಮ ಹೆಡ್‌ಫೋನಿನ ಹಾಡು ಕೇಳಿಸಿದರೆ ಕೂಡಲೇ ತಗ್ಗಿಸಿ.

ಸಾವಿರ ರೂಪಾಯಿಯೊಳಗೆ ಇವೆಲ್ಲ ಸಿಗುತ್ತವೆ. ವಾರಂಟಿ ಕೇಳಿ, ರಸೀದಿ ಜೋಪಾನವಾಗಿಡಿ.

ಮಕ್ಕಳೇ, ಈ ವಾರದ ಲೆಕ್ಕ ಇದು: ದನಿ 87 ಡೆಸಿಬೆಲ್ ಆದರೆ ನಿಮಗೆ ವಾರಕ್ಕೆ ಎಷ್ಟು ಗಂಟೆ? ಮಾಡಿ, ಅಜ್ಜ-ಅಜ್ಜಿಗೆ ತೋರಿಸಿ.