ಮಾವಿನ ರಸದ ಸೀಸೆಯೂ ಹಣ್ಣುನೊಣದ ಸಾಕ್ಷ್ಯವೂ

ಕೃಷ್ಣಗಿರಿ ಎಂದರೆ ಮಾವು. ಜೂನ್, ಜುಲೈ ತಿಂಗಳಲ್ಲಿ ಅಲ್ಲಿನ ತೋಟಗಳಿಂದ ತೋತಾಪುರಿ ಹಣ್ಣು ಲಾರಿಗಟ್ಟಲೆ ತಿರುಳಿನ ಕಾರ್ಖಾನೆಗಳಿಗೆ ಸಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು. ಹೊಸೂರು, ಡೆಂಕಣಿಕೋಟೆ ಕಡೆಯ ಕನ್ನಡಿಗರು ಮದರಾಸು ರಾಜ್ಯದಲ್ಲಿಯೇ ಉಳಿದರು. 2004ರಿಂದ ಅವರದು ಕೃಷ್ಣಗಿರಿ ಜಿಲ್ಲೆ. ಹಣ್ಣು ಅವರ ನೆಲದ್ದು, ಆದರೆ ಅದೇ ಹಣ್ಣು ಸೀಸೆಯೊಳಗೆ ಹೊಕ್ಕು ಅಂಗಡಿಯಿಂದ ಮನೆಗೆ ಮರಳುವಾಗ ಅದರ ಮೇಲಿನ ಬರಹ ಅವರದಲ್ಲ. ನಮ್ಮ ಪಾಡೂ ಅದೇ ಆದುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಡಬ್ಬಿಯಲ್ಲಿ ಮುಚ್ಚಿ ಕಾಯಿಸಿದ ತಿರುಳು ಶಾಖದಿಂದಲೇ ಕೆಡದೆ ಉಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುವ ಸ್ಕ್ವಾಷು, ಉಪ್ಪಿನಕಾಯಿಗಳ ಮಾತು ಬೇರೆ. ಅವುಗಳಿಗೆ ಸಾಮಾನ್ಯವಾಗಿ ಬೆರೆಸುವುದು ಸೋಡಿಯಂ ಬೆಂಜೋಯೇಟ್ ಎಂಬ ಬಿಳಿ ಪುಡಿ. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಬೆಂಜೋಯಿಕ್ ಆಮ್ಲಕ್ಕೆ ಆ ಹೆಸರು ಬಂದುದೇ ನಾವು ಮಕ್ಕಳ ತಲೆಗೂದಲಿಗೆ ಹೊಗೆ ಹಾಕುವ ಸಾಂಬ್ರಾಣಿಯ ಮೇಣದಿಂದ. ಹುಳಿಯಿರುವ ಪದಾರ್ಥದಲ್ಲಿ ಅದು ಬೂಷ್ಟು, ಹುದುಗುಗಳ ಬೆಳವಣಿಗೆಯನ್ನು ತಡೆಯುತ್ತದೆ.

ಈ ಪುಡಿ ಬೆಳೆಯುವ ಜೀವಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಹಣ್ಣುನೊಣವನ್ನು ಹಿಡಿದಿದ್ದಾರೆ. ಮಾವಿನ ಕಾಯಿಯನ್ನು ಚುಚ್ಚಿ ಮೊಟ್ಟೆಯಿಟ್ಟು ಬೆಳೆಗಾರನನ್ನು ಅಳಿಸುವ ದೊಡ್ಡ ನೊಣ ಬೇರೆ. ಅದರ ದೆಸೆಯಿಂದಲೇ 2014ರಲ್ಲಿ ಯುರೋಪು ನಮ್ಮ ಮಾವಿಗೆ ಬಾಗಿಲು ಮುಚ್ಚಿತ್ತು. ಪ್ರಯೋಗದ್ದು ಕಳಿತ ಬಾಳೆಹಣ್ಣಿನ ಸುತ್ತ ಸುಳಿಯುವ ಕೆಂಪುಗಣ್ಣಿನ ಪುಟ್ಟ ಡ್ರೊಸಾಫಿಲಾ. ಮಾರ್ಗನ್ ಎಂಬ ಅಮೇರಿಕದ ವಿಜ್ಞಾನಿಗೆ 1933ರ ನೊಬೆಲ್ ಪಾರಿತೋಷಕ ದೊರಕಿಸಿಕೊಟ್ಟ ನೊಣವಿದು. ಹದವಾದ ಬಿಸಿಯಲ್ಲಿ ಒಂದೇ ದಿನಕ್ಕೆ ಮೊಟ್ಟೆಯೊಡೆದು, ನಾಲ್ಕೈದು ದಿನ ಮರಿಹುಳುವಾಗಿ ತಿಂದು, ಮತ್ತೆ ನಾಲ್ಕೈದು ದಿನ ಕೋಶದೊಳಗಿದ್ದು, ಹತ್ತನೆಯ ದಿನಕ್ಕೆ ರೆಕ್ಕೆ ಬಿಚ್ಚುತ್ತದೆ. ಮರಿಹುಳು ಆ ನಾಲ್ಕು ದಿನಗಳಲ್ಲಿ ಸುಮಾರು ಇನ್ನೂರು ಪಟ್ಟು ತೂಕವೇರುತ್ತದೆ. ತಿಂದದ್ದರಲ್ಲಿ ತೊಂದರೆಯಿದ್ದರೆ ಬೆಳವಣಿಗೆಯಲ್ಲಿ ಅದು ತೋರದೆ ಇರದು.

ಬೆಂಜೋಯೇಟಿನ ಪ್ರಮಾಣ ಏರಿಸಿದಂತೆ ಮರಿಹುಳು ಕೋಶವಾಗುವುದು ತಡವಾಗುತ್ತದೆ, ಕೋಶದಿಂದ ಹೊರಬರುವ ನೊಣಗಳ ಸಂಖ್ಯೆ ಇಳಿಯುತ್ತದೆ. ಇಷ್ಟನ್ನೇ ಓದಿದವರು ‘ಉಪ್ಪಿನಕಾಯಿಯಲ್ಲಿ ವಿಷ’ ಎಂದು ಕೂಗುವುದುಂಟು. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸಾಫಿಲಾ ತಳಿಗಳನ್ನು ಸಾಕುವವರು ಅವುಗಳಿಗೆ ಕೊಡುವ ಆಹಾರವನ್ನು ನೋಡಿ: ಒಂದು ಲೀಟರು ನೀರಿಗೆ ನೂರು ಗ್ರಾಂ ಗೋಧಿ ರವೆ, ನೂರು ಗ್ರಾಂ ಬೆಲ್ಲ, ಹತ್ತು ಗ್ರಾಂ ಅಗರ್, ಬೂಷ್ಟು ಹಿಡಿಯದಿರಲೆಂದು ಏಳೂವರೆ ಮಿಲಿಲೀಟರು ಪ್ರೊಪಿಯೋನಿಕ್ ಆಮ್ಲ. (ಅಗರ್ ಒಂದನ್ನು ಬಿಟ್ಟರೆ ನಮ್ಮ ಅಡಿಗೆಮನೆಯ ಸಜ್ಜಿಗೆಯೇ ಸರಿ.) ಪ್ರೊಪಿಯೋನಿಕ್ ಆಮ್ಲವೂ ಕೆಡದಂತೆ ಕಾಯುವ ರಾಸಾಯನಿಕವೇ, ಅದರ ಲವಣವನ್ನು ಬ್ರೆಡ್ಡಿಗೆ ಹಾಕುತ್ತಾರೆ. ಅದನ್ನು ತಿಂದೇ ಆ ನೊಣಗಳು ತಲೆತಲಾಂತರದಿಂದ ಬಾಳುತ್ತಿವೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಎಂಬುದು.

ನೊಣಕ್ಕೂ ನಮಗೂ ಇರುವ ಅಂತರವನ್ನೂ ಮರೆಯಬಾರದು. ಮರಿಹುಳು ಆಹಾರದೊಳಗೇ ಮುಳುಗಿರುತ್ತದೆ, ಅದಕ್ಕೆ ಬೇರೆ ಊಟವಿಲ್ಲ. ನಮ್ಮ ಪಿತ್ತಜನಕಾಂಗವಾದರೋ ಬೆಂಜೋಯೇಟನ್ನು ಗ್ಲೈಸೀನಿನೊಂದಿಗೆ ಕೂಡಿಸಿ ಹಿಪ್ಯೂರಿಕ್ ಆಮ್ಲವಾಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ.

ಇನ್ನು ಲೆಕ್ಕ. ನೀರು ಬೆರೆಸಿ ಕುಡಿಯುವ ಸ್ಕ್ವಾಷಿಗೆ 1955ರ ಹಣ್ಣಿನ ಉತ್ಪನ್ನಗಳ ಆಜ್ಞೆಯ ಕಾಲದಿಂದ ನಡೆದುಬಂದ ಮಿತಿ ಹತ್ತು ಲಕ್ಷಕ್ಕೆ 600 ಪಾಲು, ಉಪ್ಪಿನಕಾಯಿಗೆ 250. ಒಂದು ಪಾಲು ಸ್ಕ್ವಾಷಿಗೆ ಮೂರು ಪಾಲು ನೀರು ಸೇರಿಸಿದರೆ ಒಂದು ಲೋಟದಲ್ಲಿ ಸುಮಾರು 30 ಮಿಲಿಗ್ರಾಂ ಆಯಿತು. ಜೀವಮಾನವಿಡೀ ದಿನವೂ ತಿಂದರೂ ಬಾಧಕವಿಲ್ಲವೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಬಹುಕಾಲ ಹೇಳುತ್ತಿದ್ದುದು ದೇಹತೂಕದ ಒಂದು ಕಿಲೋಗೆ 5 ಮಿಲಿಗ್ರಾಂ. 2021ರಲ್ಲಿ ಅದನ್ನು 20ಕ್ಕೆ ಏರಿಸಿದರು. ಹದಿನೈದು ಕಿಲೋ ತೂಗುವ ಮಗುವಿಗೆ ಹಳೆಯ ಲೆಕ್ಕದಂತೆ 75 ಮಿಲಿಗ್ರಾಂ, ಎಂದರೆ ಎರಡೂವರೆ ಲೋಟ. ಹೊಸ ಲೆಕ್ಕದಲ್ಲಿ ಹತ್ತು ಲೋಟ. ದೊಡ್ಡವರಿಗೆ ಇದು ಏನೂ ಅಲ್ಲ. ಆದರೆ ಬೇಸಿಗೆ ರಜೆಯಲ್ಲಿ ಅಜ್ಜಿಮನೆಗೆ ಬಂದ ಮಗು ದಿನಕ್ಕೆ ಮೂರು ಲೋಟ ಸ್ಕ್ವಾಷು, ಜೊತೆಗೆ ಸಾಸು, ಬಣ್ಣದ ಪಾನೀಯ ಎಲ್ಲವನ್ನೂ ಕುಡಿದು ತಿಂದರೆ ಲೆಕ್ಕವಿಡುವವರು ಯಾರು? 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಕೃತಕ ಬಣ್ಣಗಳೊಂದಿಗೆ ಬೆಂಜೋಯೇಟನ್ನು ಕುಡಿಸಿ ನೋಡಿದಾಗ ಕೆಲವು ಮಕ್ಕಳ ಚಾಂಚಲ್ಯ ಹೆಚ್ಚಿದುದು ಕಂಡುಬಂತು. ದೋಷ ಬಣ್ಣದ್ದೋ ಪುಡಿಯದೋ ಎಂಬುದು ಅದರಿಂದ ಇತ್ಯರ್ಥವಾಗಲಿಲ್ಲ.

ಲೆಕ್ಕವಿಡಬೇಕಾದರೆ ಮೊದಲು ಓದಲು ಬರಬೇಕು. ಸೀಸೆಯ ಬೆನ್ನಿಗೆ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಎರಡನೆಯ ವರ್ಗದ ಸಂರಕ್ಷಕ, ಐಎನ್‌ಎಸ್ 211 ಎಂದು ಇಂಗ್ಲಿಷಿನಲ್ಲಿರುತ್ತದೆ. 211 ಎಂದರೆ ಸೋಡಿಯಂ ಬೆಂಜೋಯೇಟ್. ಮೊದಲನೆಯ ವರ್ಗ ಯಾವುದೆಂದರೆ ಉಪ್ಪು, ಸಕ್ಕರೆ, ಎಣ್ಣೆ, ಮಸಾಲೆ, ವಿನೆಗರ್, ಜೇನು. ಅಂದರೆ ನಮ್ಮ ಭರಣಿಯ ಮಿಡಿ ಉಪ್ಪಿನಕಾಯಿ, ಪುನರ್ಪುಳಿಯ ಶರಬತ್ತು ಇವೆಲ್ಲ ಕಾನೂನಿನ ಪುಸ್ತಕದಲ್ಲಿ ಮೊದಲ ದರ್ಜೆಯವು! ಇದನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಲ್ಲ.

ಕೇಂದ್ರದ 2020ರ ನಿಯಮದ ಪ್ರಕಾರ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ಸಾಕು. ಜೊತೆಗೆ ಬೇರೆ ಭಾಷೆ ಸೇರಿಸುವುದಕ್ಕೆ ಅಡ್ಡಿಯಿಲ್ಲ. ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಯಾರೂ ಸೇರಿಸುವುದಿಲ್ಲ, ಕೇಳುವವರಿರಬೇಕು. ತಮಿಳು, ಮಲೆಯಾಳ, ಕನ್ನಡ, ಯಾವ ಭಾಷೆಯ ತಾಯಿಯೇ ಆಗಲಿ, ಮಗುವಿಗೆ ಕುಡಿಸುವುದೇನೆಂದು ತಿಳಿಯುವ ಹಕ್ಕು ಒಂದೇ. ಕನ್ನಡ ಸಂಘಗಳವರು ರಾಜ್ಯೋತ್ಸವದ ಕರಪತ್ರಕ್ಕೆ ಖರ್ಚು ಮಾಡುವುದರಲ್ಲಿ ಒಂದು ಪಾಲನ್ನು ಹತ್ತಿಪ್ಪತ್ತು ಸಂಖ್ಯೆಗಳ ಕನ್ನಡ ಪಟ್ಟಿ ಅಚ್ಚುಹಾಕಿಸಲು ಎತ್ತಿಡಲಿ. ಅದು ಹೊಸೂರಿಗೂ ಆದೀತು, ಕುಂಬಳೆಗೂ ಆದೀತು.

ಕನ್ನಡ ಶಾಲೆಗಳ ವಿಜ್ಞಾನದ ಮಾಸ್ತರರಿಗೂ ಒಂದು ಕೆಲಸವಿದೆ. ಕಳಿತ ಬಾಳೆಹಣ್ಣನ್ನು ಹಿಸುಕಿ ಮೂರು ಸೀಸೆಗಳಲ್ಲಿ ಸಮನಾಗಿ ಹಾಕಿ. ಒಂದಕ್ಕೆ ಪುಡಿ ಬೇಡ. ಎರಡನೆಯದಕ್ಕೆ ಕಿಲೋಗೆ ಒಂದು ಗ್ರಾಮಿನ ಲೆಕ್ಕ, ಮೂರನೆಯದಕ್ಕೆ ಐದು. ಮೂರರೊಳಕ್ಕೂ ಅಷ್ಟಷ್ಟೇ ನೊಣ ಬಿಟ್ಟು ಹತ್ತಿಯಿಂದ ಬಾಯಿ ಮುಚ್ಚಿ ನೆರಳಲ್ಲಿಡಿ. ಮೊದಲ ಮರಿಹುಳು ಕಂಡ ದಿನ, ಗಾಜಿಗೆ ಕೋಶ ಅಂಟಿದ ದಿನ, ಹೊರಬಂದ ನೊಣಗಳ ಎಣಿಕೆ, ಇಷ್ಟನ್ನು ಮಕ್ಕಳೇ ಕನ್ನಡದಲ್ಲಿ ಬರೆದಿಡಲಿ. ಹದಿನೈದು ದಿನ ಸಾಕು.