ಹದಿನೆಂಟನೇ ರೈಡಿಗೂ ಅವನೇ ಹೋಗಬೇಕಾ?

ಪ್ರೊ ಕಬಡ್ಡಿ ಶುರುವಾಯಿತೆಂದರೆ ಈಶ್ವರಮಂಗಲ ಪೇಟೆಯಲ್ಲಿ ಎರಡು ಚರ್ಚೆ ಖಾಯಂ. ಒಂದು, "ಈಗಿನ ಹುಡುಗರಿಗೆ ಗಟ್ಟಿತನ ಇಲ್ಲ ಮಾರಾಯ್ರೆ, ಸಣ್ಣ ಪೆಟ್ಟಿಗೂ ಹೊರಗೆ ಕೂತುಕೊಳ್ತಾರೆ" ಅನ್ನುವುದು. ಇನ್ನೊಂದು, "ಬುಲ್ಸ್‌ನವರು ಇವನನ್ನು ಯಾಕೆ ಬಿಟ್ಟರು, ಅವನನ್ನು ಯಾಕೆ ತೆಗೊಂಡರು" ಅನ್ನುವುದು. ಆಟೋ ಸ್ಟ್ಯಾಂಡಿನಲ್ಲಿ ಶುರುವಾದದ್ದು ರಾತ್ರಿ ವಾಟ್ಸಾಪ್ ಗ್ರೂಪಿನಲ್ಲೂ ಮುಗಿಯುವುದಿಲ್ಲ. ಇವೆರಡು ಬೇರೆ ಬೇರೆ ಜಗಳ ಅಂತ ಎಲ್ಲರ ಲೆಕ್ಕ. ಎರಡೂ ಒಂದೇ ಅಂತ ನಮ್ಮ ಲೆಕ್ಕ. ಪೆಟ್ಟಾದ ಹುಡುಗ ಅಂಕಣದಲ್ಲೇ ಉಳಿಯುತ್ತಾನಾ ಅನ್ನುವುದು ಅವನ ಧೈರ್ಯದ ಮೇಲೆ ಮಾತ್ರ ನಿಂತಿಲ್ಲ, ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೂ ನಿಂತಿದೆ.

ಮೊದಲು ಬುಲ್ಸ್ ವಿಚಾರ, ಯಾಕೆಂದರೆ ಅದನ್ನು ಬಿಟ್ಟು ಮುಂದೆ ಹೋದರೆ ನೀವು ಓದುವುದಿಲ್ಲ. 2019ರ ಜನವರಿ 5ರ ಫೈನಲ್ ನೆನಪಿದೆಯಲ್ಲ? ಗುಜರಾತ್ ವಿರುದ್ಧ 38-33. ಅದರಲ್ಲಿ ಪವನ್ ಸೆಹ್ರಾವತ್ ಒಬ್ಬರದ್ದೇ 22. ಅಂಥವರನ್ನು 2022ರ ಹರಾಜಿಗೆ ಬಿಟ್ಟಾಗ ಇಲ್ಲಿ ಎಷ್ಟು ಬೈಗುಳ ಬಿತ್ತೆಂದು ಹೇಳಬೇಕಾಗಿಲ್ಲ. ತಮಿಳ್ ತಲೈವಾಸ್ 2 ಕೋಟಿ 26 ಲಕ್ಷ ಕೊಟ್ಟು ಕೊಂಡರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಪವನ್ ಹೊರಗೆ ಹೋದರು, ಆ ಸೀಸನ್ ಪೂರ್ತಿ ತಿರುಗಿ ಬರಲಿಲ್ಲ.

ಆಮೇಲೆ ಏನಾಯಿತು ನೋಡಿ. ತಲೈವಾಸ್ ಮುಳುಗಿತು ಅಂತ ಎಲ್ಲರೂ ಹೇಳಿದ್ದರು. ಆದರೆ ಅದೇ ವರ್ಷ ಮೊದಲ ಸಲ ಆಡಲು ಬಂದ ನರೇಂದರ್ ಎಂಬ ಹುಡುಗ 200ಕ್ಕೂ ಹೆಚ್ಚು ರೈಡ್ ಪಾಯಿಂಟ್ ತೆಗೆದ, ತಂಡ ಸೆಮಿಫೈನಲ್ ಮುಟ್ಟಿತು. ಇತ್ತ ಬುಲ್ಸ್ 1 ಕೋಟಿ 70 ಲಕ್ಷ ಸುರಿದು ವಿಕಾಸ್ ಕಂಡೋಲಾರನ್ನು ತಂದರು. ಆದರೆ ತಂಡವನ್ನು ಸೆಮಿಫೈನಲಿಗೆ ಎಳೆದದ್ದು ಹಿಂದಿನ ಸೀಸನಿನಿಂದಲೇ ತಂಡದಲ್ಲಿದ್ದ ಭರತ್. ಪವನ್? ಮರುವರ್ಷ, 2023ರ ಅಕ್ಟೋಬರಿನಲ್ಲಿ, ಹ್ಯಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಭಾರತದ ನಾಯಕನಾಗಿ ಇರಾನನ್ನು ಸೋಲಿಸಿ ಚಿನ್ನ ತಂದರು. ಅವತ್ತು ಮೊಣಕಾಲಿಗೆ ಸ್ಪ್ರೇ ಹೊಡೆದು, ಬ್ಯಾಂಡೇಜ್ ಬಿಗಿದು, "ಗಂಡುಗಲಿ" ಅಂತ ಮತ್ತೆ ಇಳಿಸಿದ್ದರೆ ಈ ಚಿನ್ನ ಇರುತ್ತಿತ್ತಾ?

ನಮ್ಮದೇ ಪುತ್ತೂರಿನ ಉದಾಹರಣೆ ಇದಕ್ಕಿಂತ ಚೆನ್ನಾಗಿದೆ. ಪ್ರಶಾಂತ್ ಕುಮಾರ್ ರೈ ನಾಯಕನಾಗಿದ್ದ 2021-22ರ ಪಾಟ್ನಾ ಪೈರೇಟ್ಸ್ ಲೀಗ್ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿತ್ತು. ಫೈನಲಿನಲ್ಲಿ ಡೆಲ್ಲಿ ಎದುರು ಬರೀ ಒಂದು ಪಾಯಿಂಟಿಗೆ, 36-37ರಲ್ಲಿ ಸೋತರು. ಆ ತಂಡದಲ್ಲಿ ಎಲ್ಲವನ್ನೂ ಒಬ್ಬನೇ ಹೊರುವ ರೈಡರ್ ಇರಲಿಲ್ಲ. ಸಚಿನ್, ಗುಮಾನ್ ಸಿಂಗ್, ಮೋನು ಗೋಯತ್, ಜತೆಗೆ ನಾಯಕ ಪ್ರಶಾಂತ್: ಕೆಲಸ ಹಂಚಿಹೋಗಿತ್ತು. ಆ ಸೀಸನಿನ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ, ಈ ಒಂದು ವಿಷಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಈಗ ಟಿವಿ ಆಫ್ ಮಾಡಿ ನಮ್ಮ ಊರಿನ ಹೊನಲು ಬೆಳಕಿನ ಪಂದ್ಯಾಟಕ್ಕೆ ಬನ್ನಿ. ನೆಟ್ಟಣಿಗೆ ಮುಡ್ನೂರಿನಿಂದ ಸುಳ್ಯದವರೆಗೆ, ಗಾಳಿಮುಖ ದಾಟಿ ಕಾಸರಗೋಡಿನ ಕಡೆಗೂ, ಮಳೆ ನಿಂತ ಮೇಲೆ ಇವು ಶುರು. ಒಂದು ಲೆಕ್ಕ ಮಾಡೋಣ. 16 ತಂಡಗಳ ನಾಕೌಟ್ ಅಂದರೆ ಫೈನಲ್ ಆಡುವವರಿಗೆ ಒಂದೇ ರಾತ್ರಿಯಲ್ಲಿ 4 ಪಂದ್ಯ. 15 ನಿಮಿಷದ ಎರಡು ಅವಧಿ ಇಟ್ಟರೆ, ರೈಡಿಗೆ 30 ಸೆಕೆಂಡಿನಂತೆ ಪ್ರತಿ ತಂಡಕ್ಕೆ ಹೆಚ್ಚುಕಡಿಮೆ 30 ರೈಡ್. ಅರ್ಧ ಒಬ್ಬನೇ ಹೋದರೆ 15. ನಾಲ್ಕು ಪಂದ್ಯಕ್ಕೆ 60. ಈ ಹುಡುಗ ಬೆಳಿಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋಗಿ ಬಂದವನು, ಅಥವಾ ಹಗಲಿಡೀ ಪಿಕಪ್ ಓಡಿಸಿದವನು. ಫೈನಲ್ ಶುರುವಾಗುವಾಗ ಕೋಳಿ ಕೂಗುವ ಹೊತ್ತು. ಅಷ್ಟರಲ್ಲಿ ಅವನ ಕಾಲು ಅವನ ಮಾತು ಕೇಳುವುದು ನಿಲ್ಲಿಸಿರುತ್ತದೆ.

ನೋಡುವ ನಮಗೆ ಅದು ಗೊತ್ತಾಗುವುದಿಲ್ಲ. ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದರೆ 'ಟಕ್' ಎಂದಂತೆ ಆಗಬಹುದು, ಕೆಲವು ಗಂಟೆಯಲ್ಲಿ ಊದಿಕೊಳ್ಳುತ್ತದೆ. ಆದರೆ ಸ್ವಲ್ಪ ಸುಧಾರಿಸಿಕೊಂಡು ನಡೆಯಲು ಎಷ್ಟೋ ಜನರಿಗೆ ಆಗುತ್ತದೆ. ಹಾಗಾಗಿಯೇ "ನಡೀತಾನಲ್ಲ, ಏನೂ ಆಗಿಲ್ಲ" ಅನ್ನುವ ಮಾತು ಬರುವುದು. ನೇರ ನಡೆಯುವುದು ಬೇರೆ, ಓಡಿ ತಟ್ಟನೆ ತಿರುಗುವುದು ಬೇರೆ. ಅದೇ ಕಾಲಿನಲ್ಲಿ ಮತ್ತೊಂದು ರೈಡಿಗೆ ಹೋದರೆ ಒಳಗಿನ ಕುಶನ್ ಕೂಡ ಹರಿಯುವ ಅಪಾಯ ಇದೆ. ಆಪರೇಷನ್ ಮಾಡಿಸಿಕೊಂಡವರು ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು ಬೇಕು ಅನ್ನುತ್ತಾರೆ ವೈದ್ಯರು. ಮಣ್ಣಿನ ಅಂಕಣದಲ್ಲಿ ಕಾಲು ಜಾರಿಯಾದರೂ ಹೋಗುತ್ತಿತ್ತು, ಮ್ಯಾಟಿನಲ್ಲಿ ಶೂ ಕಚ್ಚಿ ಹಿಡಿಯುತ್ತದೆ. ಹಳಬರು "ನಮ್ಮ ಕಾಲದಲ್ಲಿ" ಅನ್ನುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪವನ್‌ಗೆ ಹಿಂದೆ ಒಂದು ಫ್ರಾಂಚೈಸಿ ಇತ್ತು, ವೈದ್ಯರಿದ್ದರು, ಸಂಬಳ ಇತ್ತು. ನಮ್ಮ ಹುಡುಗ ನಾಳೆ ಅಡಿಕೆ ಮರ ಹತ್ತಬೇಕು. ಮೊಣಕಾಲು ಹೋದರೆ ಕಪ್ ಮಾತ್ರ ಹೋಗುವುದಲ್ಲ, ಕೊಯ್ಲಿನ ಕೂಲಿಯೂ ಹೋಗುತ್ತದೆ. ಟ್ರೋಫಿ ಕ್ಲಬ್ಬಿನ ಕಪಾಟಿನಲ್ಲಿರುತ್ತದೆ. ಆಸ್ಪತ್ರೆ ಬಿಲ್ಲು ಅವನ ಮನೆಯಲ್ಲಿರುತ್ತದೆ.

"ಅವನೇ ಆಡ್ತೇನೆ ಅಂತಾನೆ, ನಾವೇನು ಮಾಡುವುದು?" ಎಂದು ಸಂಘಟಕರು ಕೇಳುತ್ತಾರೆ. ನ್ಯಾಯದ ಪ್ರಶ್ನೆ. ಹತ್ತೊಂಬತ್ತು ವರ್ಷದ ಹುಡುಗ, ಸುತ್ತ ಸಾವಿರ ಜನ, ಮೈಕಿನಲ್ಲಿ ಅವನ ಹೆಸರು. ಅವನ ಹತ್ತಿರ "ಆಗ್ತದಾ?" ಎಂದು ಕೇಳಿದರೆ "ಆಗ್ತದೆ ಅಣ್ಣ" ಎನ್ನುವುದು ಬಿಟ್ಟು ಬೇರೆ ಏನು ಹೇಳಿಯಾನು? ಆ ಪ್ರಶ್ನೆಯನ್ನೇ ಅವನಿಗೆ ಕೇಳಬಾರದು ಎಂಬುದು ನಮ್ಮ ವಾದ.

ಕ್ರಿಕೆಟಿನಲ್ಲಿ ಇದು ಇದೆ, ನಮಗೆ ಅಭ್ಯಾಸವಾಗಿ ಕಾಣುವುದಿಲ್ಲ ಅಷ್ಟೇ. ಟಿ20ಯಲ್ಲಿ ಬುಮ್ರಾ 4 ಓವರ್ ಮುಗಿಸಿದ ಮೇಲೆ ಐದನೆಯದನ್ನು ಹಾಕುವ ಹಾಗಿಲ್ಲ. ಅದಕ್ಕಾಗಿ ಅವರನ್ನು ಹೇಡಿ ಎಂದವರಿಲ್ಲ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಲಿಟಲ್ ಲೀಗ್‌ನಲ್ಲಿ 11-12 ವರ್ಷದ ಹುಡುಗ ಒಂದು ದಿನಕ್ಕೆ 85 ಎಸೆತಕ್ಕಿಂತ ಹೆಚ್ಚು ಎಸೆಯುವಂತಿಲ್ಲ. 66 ದಾಟಿದರೆ ಮತ್ತೆ ಎಸೆಯುವ ಮೊದಲು 4 ದಿನ ವಿಶ್ರಾಂತಿ. ಮೇಜಿನಲ್ಲಿ ಕೂತ ಒಬ್ಬರು ಎಣಿಸುತ್ತಾರೆ, ಸಂಖ್ಯೆ ಮುಟ್ಟಿದರೆ ಕೋಚ್ ಬೇರೊಬ್ಬನನ್ನು ಕಳಿಸಲೇಬೇಕು. ಹುಡುಗ ಅಳಲಿ, ಅಪ್ಪ ಬೈಯಲಿ, ನಿಯಮ ನಿಯಮ.

ಹಾಗೆ ಎಣಿಸದೆ ಗಟ್ಟಿತನವನ್ನೇ ಪೂಜೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಉತ್ತರ ಅಮೆರಿಕದ ಐಸ್ ಹಾಕಿ ಇದೆ. ಅಲ್ಲಿ ಹೊಡೆದಾಡಲಿಕ್ಕೆಂದೇ ತಂಡದಲ್ಲಿ ಇಟ್ಟುಕೊಂಡವರಿದ್ದರು, ಹೊಡೆದಾಟಕ್ಕೆ 5 ನಿಮಿಷ ಹೊರಗೆ ಕೂರುವ ಶಿಕ್ಷೆ. ಅಭಿಮಾನಿಗಳಿಗೆ ಬಹಳ ಪ್ರೀತಿಯವನಾಗಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ ತೀರಿಕೊಂಡಾಗ ವಯಸ್ಸು 28. ನೋವಿನ ಮಾತ್ರೆ ಮತ್ತು ಮದ್ಯ ಸೇರಿ ಆದ ಸಾವು. ಆಮೇಲೆ ಮೆದುಳನ್ನು ಪರೀಕ್ಷಿಸಿದರೆ, ತಲೆಗೆ ಪದೇಪದೇ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆ ಅದರಲ್ಲಿತ್ತು.

ಕಬಡ್ಡಿಯಲ್ಲಿ ಬೆಂಚು ಮೊದಲಿನಿಂದಲೂ ಇದೆ. ಅಂಕಣದಲ್ಲಿ 7, ಹೊರಗೆ ಬದಲಿ ಆಟಗಾರರು 5. ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಒಮ್ಮೆ ಹೊರಗೆ ಕರೆದ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ನಮ್ಮಲ್ಲಿ ಬರಬಹುದು, ಹಾಗಾಗಿ ಕುಳ್ಳಿರಿಸಲು ಹೆದರುವ ಕಾರಣವೂ ಇಲ್ಲ. ಆದರೂ ಆ ಐದು ಜನ ರಾತ್ರಿಯಿಡೀ ಜಾಕೆಟ್ ಹಾಕಿಕೊಂಡು ಕೂತಿರುತ್ತಾರೆ. ಅವರಲ್ಲಿ ಮೂವರಾದರೂ ಊರಿನವರು, ವರ್ಷವಿಡೀ ಅಭ್ಯಾಸಕ್ಕೆ ಬಂದವರು. ಒಳಗೆ ಆಡುವವರಲ್ಲಿ ಇಬ್ಬರು ಆ ರಾತ್ರಿಗೆಂದು ದುಡ್ಡು ಕೊಟ್ಟು ಹೊರಗಿನಿಂದ ಕರೆಸಿದವರು. ದುಡ್ಡು ಕೊಟ್ಟಿದ್ದೇವೆ, ವಸೂಲಾಗಬೇಕು ಅನ್ನುವ ಲೆಕ್ಕ ಶುರುವಾದ ಕೂಡಲೇ ಕಾಲುನೋವಿನ ಮಾತಿಗೆ ಬೆಲೆ ಇಲ್ಲ. ಆಮೇಲೆ ನಾವೇ ಕೂತು "ಬುಲ್ಸಿನಲ್ಲಿ ಕರ್ನಾಟಕದ ಹುಡುಗರು ಯಾಕಿಲ್ಲ" ಎಂದು ಕೇಳುತ್ತೇವೆ! ಊರಿನ ತಂಡದಲ್ಲೇ ಊರಿನ ಹುಡುಗನಿಗೆ ರೈಡ್ ಸಿಗದಿದ್ದರೆ ಬೆಂಗಳೂರಿನಲ್ಲಿ ಯಾರು ಕೊಡುತ್ತಾರೆ?

ಒಂದು ಪಂದ್ಯಕ್ಕೆ ಒಬ್ಬನಿಗೆ 12 ರೈಡ್, ರಾತ್ರಿಗೆ 40. ಎರಡು ಪಂದ್ಯದ ನಡುವೆ ಒಂದು ಗಂಟೆಯಾದರೂ ಬಿಡುವು. ನೆಲಕ್ಕೆ ಬಿದ್ದು ಮೊಣಕಾಲು ಹಿಡಿದುಕೊಂಡವನು ಆ ರಾತ್ರಿ ಮತ್ತೆ ಇಳಿಯುವಂತಿಲ್ಲ, ಅವನು ಎಷ್ಟೇ ಕೇಳಿಕೊಂಡರೂ. 12 ಜಾಸ್ತಿಯಾಯಿತು, 15 ಇರಲಿ ಅಂತ ನೀವು ಹೇಳಿದರೆ ಚರ್ಚೆ ಮಾಡೋಣ, ಸಂಖ್ಯೆ ಇರಲೇಬಾರದು ಎನ್ನುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಆಟದ ರುಚಿ ಕೆಡುತ್ತದೆ ಅನ್ನುವವರಿಗೆ: ಹದಿಮೂರನೇ ರೈಡಿಗೆ ಯಾರು ಬರುತ್ತಾರೆ, ಎದುರು ತಂಡದ ಕಾರ್ನರ್ ಅವನನ್ನು ಹೇಗೆ ಅಳೆಯುತ್ತಾನೆ ಅನ್ನುವುದೇ ಒಂದು ಹೊಸ ಆಟ. ಸ್ಟಾರ್ ರೈಡರನ್ನು ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಳ್ಳುವ ನಾಯಕನ ತಲೆಗೂ ಆಗ ಬೆಲೆ ಬರುತ್ತದೆ.

ಇದಕ್ಕೆ ಅಸೋಸಿಯೇಶನ್ ಸುತ್ತೋಲೆ ಬರುವವರೆಗೆ ಕಾಯಬೇಕಾಗಿಲ್ಲ. ಆಮಂತ್ರಣ ಪತ್ರಿಕೆಯ ಕೆಳಗೆ ತೂಕ, ಪ್ರವೇಶ ಶುಲ್ಕ, "ತೀರ್ಪುಗಾರರ ತೀರ್ಮಾನವೇ ಅಂತಿಮ" ಎಂದು ಹಾಕುತ್ತೀರಲ್ಲ, ಅಲ್ಲೇ ಇನ್ನೊಂದು ಸಾಲು ಸೇರಿಸಿದರೆ ಆಯಿತು. ಸ್ಕೋರ್ ಬರೆಯುವ ಮೇಜಿನಲ್ಲಿ ಒಂದು ಹಾಳೆ, ಒಂದು ಪೆನ್ನು ಹೆಚ್ಚಿಗೆ ಬೇಕು.

ಈ ಸಲ ವರದಿಗೆ ಹೋದ ಪಂದ್ಯಾಟಗಳಲ್ಲಿ ನಮ್ಮಲ್ಲೊಬ್ಬರು ರೈಡ್ ಎಣಿಸಲೆಂದೇ ಕೂರುತ್ತಾರೆ. ಗೆದ್ದವರು, ಸೋತವರು, ಬೆಸ್ಟ್ ರೈಡರ್ ಎಂಬ ಸಾಲಿನ ಜತೆ ಆ ಸಂಖ್ಯೆಯನ್ನೂ ಹಾಕುತ್ತೇವೆ. ನಿಮ್ಮ ಊರಿನಲ್ಲಿ ನೀವೇ ಎಣಿಸಿದರೆ ಹಾಳೆಯ ಫೋಟೋ ತೆಗೆದು ಕಳಿಸಿ. ಹುಡುಗನ ಹೆಸರು ಬೇಡ, ಜೆರ್ಸಿ ನಂಬರ್ ಸಾಕು.